ಶಾಸನದ ಸಂಖ್ಯೆ ಯಂತ್ರದ ಕ್ರಮಾಂಕವಲ್ಲ

ಕನ್ನಡದ ಸಂಶೋಧನ ಪತ್ರಿಕೆಗಳಲ್ಲಿಯೂ ವಿಶ್ವವಿದ್ಯಾಲಯಗಳಿಗೆ ಸಲ್ಲುವ ಮಹಾಪ್ರಬಂಧಗಳಲ್ಲಿಯೂ ಈಚಿನ ವರ್ಷಗಳಲ್ಲಿ ಒಂದು ಪದ್ಧತಿ ಸದ್ದಿಲ್ಲದೆ ನೆಲೆಯೂರುತ್ತಿದೆ. ಲೇಖಕರು ಬಳಸಿದ ಆಕರಗಳಿಗೆಲ್ಲ ಚೌಕ ಆವರಣದೊಳಗೆ ಒಂದು, ಎರಡು, ಮೂರು ಎಂದು ಕ್ರಮಾಂಕ ಹಾಕುವುದು. ಅದೇ ಕ್ರಮಾಂಕದಲ್ಲಿ ಕೊನೆಗೊಂದು ಪಟ್ಟಿ ಜೋಡಿಸುವುದು. ಪಠ್ಯದ ನಡುವೆ ಆ ಅಂಕಿಯ ಹೊರತು ಬೇರೇನನ್ನೂ ಉಳಿಸದಿರುವುದು. ವಿಜ್ಞಾನದ ಪತ್ರಿಕೆಗಳಿಂದ ಎರವಲು ತಂದ ಈ ಪದ್ಧತಿಯನ್ನು ಶಾಸನ, ಹಸ್ತಪ್ರತಿ, ಪ್ರಾಚೀನ ಕಾವ್ಯಗಳ ಅಧ್ಯಯನಕ್ಕೂ ಹೊಂದಿಸಲಾಗುತ್ತಿದೆ. 'ಶಿಸ್ತು', 'ಏಕರೂಪತೆ', 'ಅಂತಾರಾಷ್ಟ್ರೀಯ ಮಟ್ಟ' ಎಂಬ ಮಾತುಗಳು ಇದರ ಬೆಂಬಲಕ್ಕೆ ನಿಂತಿವೆ. ಇದು ಶಿಸ್ತಲ್ಲವೆಂದೂ, ಜೈನ ಶಾಸನಗಳ ಅಧ್ಯಯನಕ್ಕೆ ಇದರಿಂದ ನೇರವಾದ ಹಾನಿಯಿದೆಯೆಂದೂ, ಈ ಹಾನಿಯನ್ನು ತಡೆಯುವ ಉಪಾಯ ಅದೇ ಯಂತ್ರದಲ್ಲಿಯೇ ಇದೆಯೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ವಿಷಯ ಶುಷ್ಕವೆಂದು ಕೆಲವರಿಗೆ ಅನಿಸಬಹುದು. ಆದರೆ ಶಾಸನವನ್ನು ನಂಬಿ ಇತಿಹಾಸ ಬರೆಯುವವರಿಗೆ ಶಾಸನದ ಸಂಖ್ಯೆಗಿಂತ ಹತ್ತಿರದ ವಿಷಯ ಇನ್ನೊಂದಿಲ್ಲ. ಸಂಖ್ಯೆ ತಪ್ಪಿದರೆ ಕಲ್ಲು ತಪ್ಪುತ್ತದೆ. ಕಲ್ಲು ತಪ್ಪಿದರೆ ಅದರ ಮೇಲೆ ನಿಲ್ಲಿಸಿದ ಮಾತಿಗೆ ಆಧಾರವಿರುವುದಿಲ್ಲ.

ಒಂದು ಬೆಟ್ಟ, ಮೂರು ಎಣಿಕೆ

ಶ್ರವಣಬೆಳಗೊಳದ ಶಾಸನಗಳನ್ನು ಮೊದಲ ಬಾರಿಗೆ ಒಟ್ಟುಗೂಡಿಸಿ ಅಚ್ಚು ಹಾಕಿಸಿದವರು ಬಿ. ಎಲ್. ರೈಸ್. ಎಪಿಗ್ರಾಫಿಯ ಕರ್ನಾಟಿಕದ ಎರಡನೆಯ ಸಂಪುಟವಾಗಿ 1889ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ ಆ ಗ್ರಂಥದಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರು ಬೆಟ್ಟಗಳನ್ನೂ ಊರನ್ನೂ ಮತ್ತೆ ಶೋಧಿಸಿ 1923ರಲ್ಲಿ ಪರಿಷ್ಕೃತ ಆವೃತ್ತಿ ಹೊರತಂದಾಗ ಸಂಖ್ಯೆ 500ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಪ್ರಕಟಿಸಿದ ಆವೃತ್ತಿಯಲ್ಲಿ ಅದು 573 ಆಯಿತು: ಚಿಕ್ಕಬೆಟ್ಟದಲ್ಲಿ 271, ದೊಡ್ಡಬೆಟ್ಟದಲ್ಲಿ 172, ಊರಿನಲ್ಲಿ 80, ಸುತ್ತಲ ಗ್ರಾಮಗಳಲ್ಲಿ 50.

ಮೂರು ಆವೃತ್ತಿಗಳೂ ಸ್ಥಳವನ್ನು ಅನುಸರಿಸಿ ಎಣಿಸುತ್ತವೆ. ಚಿಕ್ಕಬೆಟ್ಟ ಮೊದಲು, ದೊಡ್ಡಬೆಟ್ಟ ಆಮೇಲೆ, ಊರು ಅನಂತರ. ಆದ್ದರಿಂದ ಚಿಕ್ಕಬೆಟ್ಟದ ಬಂಡೆಯಲ್ಲಿ ಒಂದೇ ಸಾಲಿನ ಹೊಸ ನಿಸಿದಿಶಾಸನ ಸಿಕ್ಕಿದರೂ ಮುಂದಿನ ಶಾಸನಗಳೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತವೆ. ಗೊಮ್ಮಟನ ಪಾದದ ಬಳಿ ಚಾವುಂಡರಾಯನ ಹೆಸರನ್ನು ಹೊತ್ತ ಕಿರುಶಾಸನ ದೊಡ್ಡಬೆಟ್ಟದ ಎಣಿಕೆಯ ಮೊದಲಿಗೆ ಬರುತ್ತದೆ. ರೈಸರಲ್ಲಿ ಅದು 75, ನರಸಿಂಹಾಚಾರ್ಯರಲ್ಲಿ 175, 1973ರಲ್ಲಿ 272. ಕಲ್ಲು ಕದಲಲಿಲ್ಲ, ಅಕ್ಷರ ಬದಲಾಗಲಿಲ್ಲ. ಎದುರಿನ ಬೆಟ್ಟದಲ್ಲಿ ಹೊಸ ಶಾಸನಗಳು ಸಿಕ್ಕಿದವು, ಅಷ್ಟೆ.

ಇನ್ನು ಕೆಲವನ್ನು ನೋಡೋಣ. ಮಲ್ಲಿಷೇಣ ಮಲಧಾರಿದೇವರ ಸಮಾಧಿಯನ್ನು ದಾಖಲಿಸುವ 1129ರ ಪ್ರಶಸ್ತಿ ದಿಗಂಬರ ಆಚಾರ್ಯಪರಂಪರೆಯನ್ನು ಬರೆಯುವವರೆಲ್ಲರೂ ಆಶ್ರಯಿಸುವ ಶಾಸನ. ಅದರ ಸಂಖ್ಯೆ 1889ರಲ್ಲಿ 54, 1923ರಲ್ಲಿ 67, 1973ರಲ್ಲಿ 77. ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯ ಮರಣವನ್ನು ತಿಳಿಸುವ ಶಾಸನ ಕ್ರಮವಾಗಿ 53, 143, 176. ಬೊಪ್ಪಣ ಪಂಡಿತನು ಗೊಮ್ಮಟನನ್ನು ಸ್ತುತಿಸಿ ರಚಿಸಿದ ಕನ್ನಡ ಶಾಸನಕಾವ್ಯ 85, 234, 336. ಜೈನರಿಗೂ ಶ್ರೀವೈಷ್ಣವರಿಗೂ ನಡುವೆ ಬುಕ್ಕರಾಯನು 1368ರಲ್ಲಿ ಮಾಡಿಸಿದ ಒಡಂಬಡಿಕೆಯ ಶಾಸನ 136, 344, 475. ಮೂರರಲ್ಲಿಯೂ ತನ್ನ ಸ್ಥಾನ ಬಿಡದ ಪ್ರಸಿದ್ಧ ಶಾಸನವೆಂದರೆ ಭದ್ರಬಾಹು-ಪ್ರಭಾಚಂದ್ರರ ಪ್ರಸಂಗವನ್ನು ಹೇಳುವ ಮೊದಲನೆಯದು. ಒಂದನೆಯದಕ್ಕಿಂತ ಮುಂಚೆ ಸೇರಿಸಲು ಸ್ಥಳವಿಲ್ಲದ್ದರಿಂದ ಅದು ಒಂದಾಗಿಯೇ ಉಳಿಯಿತು.

ಈಗ ಒಬ್ಬ ವಿದ್ಯಾರ್ಥಿನಿ ಯಾವುದೋ ಪ್ರಬಂಧದಲ್ಲಿ 'ಶ್ರ. ಬೆ. 143' ಎಂಬ ಉಲ್ಲೇಖ ಕಂಡಳೆಂದುಕೊಳ್ಳಿ. ಮೂರು ಆವೃತ್ತಿಗಳಲ್ಲಿಯೂ 143 ಎಂಬ ಸಂಖ್ಯೆಯಿದೆ. ಮೂರೂ ಬೇರೆ ಬೇರೆ ಕಲ್ಲುಗಳು. ಶಾಂತಲೆಯ ಶಾಸನ ಅವುಗಳಲ್ಲಿ ಒಂದು ಮಾತ್ರ. 144ನ್ನು ಮೀರಿದ ಸಂಖ್ಯೆ ರೈಸರದಲ್ಲವೆಂದೂ, 500ನ್ನು ಮೀರಿದ್ದು 1973ರದೇ ಎಂದೂ ಊಹಿಸಬಹುದು. ಅದಕ್ಕಿಂತ ಕೆಳಗಿನ ಸಂಖ್ಯೆಗಳಿಗೆ ಆವೃತ್ತಿಯ ವರ್ಷವಿಲ್ಲದೆ ಅರ್ಥವೇ ಇಲ್ಲ.

ಹಿಂದಿನವರಿಗೆ ಈ ತೊಡಕು ತಿಳಿದಿತ್ತು. ಆದ್ದರಿಂದಲೇ ಎರಡು ಸಂಖ್ಯೆಗಳನ್ನು ಜೊತೆಯಾಗಿ ಬರೆಯುವ ರೂಢಿ ಬಂದಿತು. ಅದರಲ್ಲಿಯೂ ಎಚ್ಚರ ಬೇಕು. 1973ಕ್ಕಿಂತ ಮುಂಚಿನ ಬರಹದಲ್ಲಿ '54 (67)' ಎಂದಿದ್ದರೆ ಆವರಣದ ಹೊರಗಿರುವುದು ಹಳೆಯ ಸಂಖ್ಯೆ, ಒಳಗಿರುವುದು ಹೊಸದು. ಈಚಿನ ಬರಹದಲ್ಲಿ '77 (67)' ಎಂದಿದ್ದರೆ ಹೊರಗಿರುವುದು ಹೊಸದು, ಒಳಗಿರುವುದು ಹಳೆಯದು. ಎರಡರಲ್ಲಿಯೂ 67 ಒಂದೇ ಕಲ್ಲನ್ನು ಸೂಚಿಸುತ್ತದೆ. ಶಾಸನಗಳ ಓದುಗರು ಈ ಸೂಕ್ಷ್ಮಗಳನ್ನು ಬಳಕೆಯಿಂದ ಕಲಿಯುತ್ತಾರೆ. ಅದಕ್ಕೆ ಬೇಕಾದ ಅಂಕಿಗಳನ್ನೇ ಅಳಿಸಿಹಾಕಿದರೆ ಕಲಿಯುವುದಾದರೂ ಹೇಗೆ?

ಸಂಪುಟಸಂಖ್ಯೆಯ ಮಾತೂ ಹೀಗೆಯೇ. ರೈಸರ ಮಾಲಿಕೆಯಲ್ಲಿ ಒಂಬತ್ತನೆಯ ಸಂಪುಟವೆಂದರೆ ಬೆಂಗಳೂರು ಜಿಲ್ಲೆ. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಮಾಲಿಕೆಯಲ್ಲಿ, 1990ರಲ್ಲಿ ಬಂದ ಒಂಬತ್ತನೆಯ ಸಂಪುಟವೆಂದರೆ ಬೇಲೂರು ತಾಲ್ಲೂಕು. ಹಳೆಯ ಮಾಲಿಕೆಯಲ್ಲಿ ಬೇಲೂರು ಇದ್ದದ್ದು ಐದನೆಯದಾದ ಹಾಸನ ಸಂಪುಟದಲ್ಲಿ. 'ಎ. ಕ. 9' ಎಂದಷ್ಟೇ ಬರೆದರೆ ಓದುಗರು ದಂಡು ಪ್ರದೇಶದ ಸುತ್ತ ಹುಡುಕಬೇಕೋ ಚೆನ್ನಕೇಶವನ ಗುಡಿಯ ಸುತ್ತ ಹುಡುಕಬೇಕೋ ತಿಳಿಯದು. ರೈಸರ ಜಿಲ್ಲಾ ಸಂಪುಟಗಳಲ್ಲಿ ಪ್ರತಿ ತಾಲ್ಲೂಕಿಗೂ ಎಣಿಕೆ ಒಂದರಿಂದ ಮತ್ತೆ ಆರಂಭವಾಗುವುದರಿಂದ ತಾಲ್ಲೂಕಿನ ಹೆಸರೂ ಸಂಖ್ಯೆಯ ಅಂಗವೇ.

ಕುಕ್ ಟೌನಿನ ಕರಡು

ಕಳೆದ ವರ್ಷ ಒಂದು ಸಂಪುಟಕ್ಕಾಗಿ ಮಲ್ಲಿಷೇಣ ಪ್ರಶಸ್ತಿಯ ಗುರುಪರಂಪರೆಯನ್ನು ಕುರಿತು ಲೇಖನ ಬರೆದುಕೊಟ್ಟೆ. ಅದರ ಅಕ್ಷರಜೋಡಣೆ ನಡೆದದ್ದು ಕುಕ್ ಟೌನಿನ ಒಂದು ಚಿಕ್ಕ ಕಚೇರಿಯಲ್ಲಿ. ಬೆಂಗಳೂರು ಪೂರ್ವ ರೈಲು ನಿಲ್ದಾಣದ ಆಸುಪಾಸಿನ ಆ ಬಡಾವಣೆಯಲ್ಲಿ ಕುಳಿತು ಅಲ್ಲಿಯ ತರುಣರು ಹೊರನಾಡಿನ ವಿಜ್ಞಾನಪತ್ರಿಕೆಗಳ ಪುಟಗಳನ್ನು ಕಟ್ಟುತ್ತಾರೆ. ಬಿಡುವಿನಲ್ಲಿ ಕನ್ನಡದ ಕೆಲಸವನ್ನೂ ಒಪ್ಪಿಕೊಳ್ಳುತ್ತಾರೆ. ಕರಡು ಬಂದಾಗ ನೋಡಿದರೆ, ನಾನು ಬೇರೆ ಬೇರೆಯಾಗಿ ಉಲ್ಲೇಖಿಸಿದ್ದ ಶಾಸನಗಳೆಲ್ಲವೂ ಒಂದೇ ಅಂಕಿಯಾಗಿದ್ದವು. 67ನೆಯ ಶಾಸನವೂ [12], 143ನೆಯದೂ [12], 344ನೆಯದೂ [12]. ಕೊನೆಯ ಪಟ್ಟಿಯಲ್ಲಿ ಹನ್ನೆರಡನೆಯ ನಮೂದು 'ಎಪಿಗ್ರಾಫಿಯ ಕರ್ನಾಟಿಕ, ಸಂ. 2' ಎಂದಿತ್ತು, ವರ್ಷವಿರಲಿಲ್ಲ. ಕೆಲವು ಕಡೆ ಶಾಸನದ ಸಂಖ್ಯೆಯೇನೋ ಉಳಿದಿತ್ತು, ಆದರೆ ಅದರ ಹಿಂದೆ 'ಪು.' ಎಂಬ ಅಕ್ಷರ ಸೇರಿ ಅದು ಪುಟಸಂಖ್ಯೆಯಾಗಿ ರೂಪಾಂತರ ಹೊಂದಿತ್ತು.

ಆ ಕಚೇರಿಯ ತರುಣನನ್ನು ಕೇಳಿದರೆ, "ಸರ್, ನಂಬರ್ ನಾವು ಹಾಕೋದಲ್ಲ, ತಾನಾಗೇ ಬರುತ್ತೆ. ಪಬ್ಲಿಷರ್ ಕೊಟ್ಟ ಸ್ಟೈಲ್ ಹೀಗಿದೆ" ಎಂದನು. ಅವನ ಮಾತು ನಿಜ. ಅವನ ಮೇಲೆ ನನಗೆ ದೂರಿಲ್ಲ. ದೂರಿರುವುದು ಆ 'ಸ್ಟೈಲ್' ಎಂಬುದನ್ನು ಸಿದ್ಧಪಡಿಸಿ, ಶಾಸನವೆಂಬ ಆಕರವೊಂದು ಲೋಕದಲ್ಲಿದೆಯೆಂಬುದನ್ನೇ ನೆನೆಯದೆ ಎಲ್ಲರ ಮೇಲೆ ಹೊರಿಸುವ ಸಂಪಾದಕತ್ವದ ಮೇಲೆ.

'ತಾನಾಗೇ ಬರುತ್ತೆ' ಎಂಬ ಮಾತನ್ನು ಸ್ವಲ್ಪ ವಿಚಾರಿಸಬೇಕು. ಡೊನಾಲ್ಡ್ ಕನೂತ್ ಅವರ ಟೆಕ್, ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ ಲೇಟೆಕ್, ಆಕರಸೂಚಿಗೆಂದೇ 1980ರ ದಶಕದಲ್ಲಿ ರಚಿತವಾದ ಬಿಬ್‌ಟೆಕ್: ಇವು ಅಕ್ಷರಜೋಡಣೆಯ ಅದ್ಭುತ ಸಾಧನಗಳು. ಲೇಖಕರು ಪ್ರತಿ ಆಕರಕ್ಕೂ ಒಂದು ಗುಪ್ತನಾಮ ಕೊಟ್ಟು ಬರೆಯುತ್ತಾರೆ. ಯಂತ್ರವು ಪಠ್ಯವನ್ನು ಒಮ್ಮೆ ಓದಿ ಯಾವ ಯಾವ ಆಕರಗಳು ಬಂದಿವೆಯೆಂದು ಗುರುತು ಮಾಡಿಕೊಂಡು, ಪಟ್ಟಿ ಕಟ್ಟಿ, ಮತ್ತೆ ಓದುವಾಗ ಗುಪ್ತನಾಮದ ಜಾಗದಲ್ಲಿ ಅಂಕಿಯನ್ನು ಕೂರಿಸುತ್ತದೆ. ಅಂಕಿ ಬರುವ ಬಗೆ ಮುಖ್ಯವಾಗಿ ಎರಡು: ಲೇಖಕನಾಮದ ಅಕಾರಾದಿಯಿಂದ, ಅಥವಾ ಪಠ್ಯದಲ್ಲಿ ಮೊದಲು ಬಂದದ್ದು ಮೊದಲು ಎಂಬ ನ್ಯಾಯದಿಂದ. ಎರಡರಲ್ಲಿಯೂ ಒಂದು ಹೊಸ ಪುಸ್ತಕ ಸೇರಿದೊಡನೆ ಮುಂದಿನದೆಲ್ಲ ಜರುಗುತ್ತದೆ. ಶ್ರವಣಬೆಳಗೊಳದಲ್ಲಿ ಎಂಬತ್ತನಾಲ್ಕು ವರ್ಷಗಳಲ್ಲಿ ಎರಡು ಬಾರಿ ನಡೆದ ಸ್ಥಾನಪಲ್ಲಟ ಇಲ್ಲಿ ಒಂದು ಗುಂಡಿಯನ್ನು ಒತ್ತಿದಾಗಲೆಲ್ಲ ನಡೆಯುತ್ತದೆ.

ಸೀಸದ ಅಚ್ಚುಮೊಳೆಗಳ ಕಾಲದಲ್ಲಿ ಸಂಖ್ಯೆ ಬದಲಿಸುವುದೆಂದರೆ ಕಟ್ಟಿದ ಪುಟವನ್ನು ಬಿಚ್ಚುವುದು. ಆ ಶ್ರಮಕ್ಕೆ ಹೆದರಿಯೇ ಎಷ್ಟೋ ಸಂಖ್ಯೆಗಳು ಸ್ಥಿರವಾಗಿ ಉಳಿದವು. ಬದಲಿಸಲೇಬೇಕಾದಾಗ ನರಸಿಂಹಾಚಾರ್ಯರಂಥವರು ಪೂರ್ವಸಂಖ್ಯೆಯ ಲೆಕ್ಕವನ್ನು ಜೊತೆಯಲ್ಲಿಟ್ಟುಕೊಂಡೇ ಬದಲಿಸಿದರು. ಇಂದು ಬದಲಾವಣೆಗೆ ಶ್ರಮವೂ ಇಲ್ಲ, ವೆಚ್ಚವೂ ಇಲ್ಲ. ಆದ್ದರಿಂದ ಲೆಕ್ಕವಿಡಬೇಕೆಂಬ ಎಚ್ಚರವೂ ಕಾಣೆಯಾಗಿದೆ.

ಎಣಿಕೆಯ ಧರ್ಮ ಎರಡು ಬಗೆ

ಅಂಕಿಗೆ ಎರಡು ಕೆಲಸಗಳುಂಟು. ಒಂದು ಸರದಿಯನ್ನು ಹೇಳುವುದು. ಇನ್ನೊಂದು ಹೆಸರಾಗಿ ನಿಲ್ಲುವುದು. ಇವೆರಡರ ಭೇದ ಜೈನ ಓದುಗರಿಗೆ ಹೊಸದಲ್ಲ. ಪಾರ್ಶ್ವನಾಥರು ಇಪ್ಪತ್ತಮೂರನೆಯ ತೀರ್ಥಂಕರರು. ಒಬ್ಬ ಉಪನ್ಯಾಸಕರು ಮಹಾವೀರರಿಂದ ಮಾತು ಆರಂಭಿಸಿ ಆಮೇಲೆ ಪಾರ್ಶ್ವನಾಥರ ಪ್ರಸ್ತಾಪಕ್ಕೆ ಬಂದರೆಂದು ಮಹಾವೀರರು ಒಂದನೆಯವರೂ ಪಾರ್ಶ್ವನಾಥರು ಎರಡನೆಯವರೂ ಆಗುತ್ತಾರೆಯೇ? ಆ ಇಪ್ಪತ್ತಮೂರು ಉಪನ್ಯಾಸದ ಸರದಿಯಲ್ಲ, ಪರಂಪರೆಯ ಸ್ಥಾನ. ಶಾಸನದ ಸಂಖ್ಯೆಯೂ ಹಾಗೆಯೇ ಆ ಕಲ್ಲು ತನ್ನ ಸಂಪುಟದಲ್ಲಿ ಪಡೆದ ಸ್ಥಾನ. ನಾನು ಅದನ್ನು ನನ್ನ ಲೇಖನದಲ್ಲಿ ಎಷ್ಟನೆಯದಾಗಿ ನೆನೆದೆನೆಂಬುದು ಓದುಗರಿಗೆ ನಿರುಪಯೋಗಿ.

ಇದಕ್ಕಿಂತ ಸೂಕ್ಷ್ಮವಾದ ನಿದರ್ಶನ ತತ್ತ್ವಾರ್ಥಸೂತ್ರದ್ದು. ದಿಗಂಬರ ಪಾಠದಲ್ಲಿ ಸೂತ್ರಗಳು 357. ಶ್ವೇತಾಂಬರ ಪಾಠದಲ್ಲಿ 344. ಉತ್ಪಾದ, ವ್ಯಯ, ಧ್ರೌವ್ಯಗಳಿಂದ ಕೂಡಿದ್ದೇ ಸತ್ತು ಎಂದು ಹೇಳುವ ಸೂತ್ರ ಐದನೆಯ ಅಧ್ಯಾಯದಲ್ಲಿ ದಿಗಂಬರರಿಗೆ 30ನೆಯದು, ಶ್ವೇತಾಂಬರರಿಗೆ 29ನೆಯದು. ಏಕೆಂದರೆ ದ್ರವ್ಯದ ಲಕ್ಷಣವನ್ನು ಸತ್ತೆಂದು ಹೇಳುವ ಸೂತ್ರ ದಿಗಂಬರ ಪಾಠದಲ್ಲಿ ಅದಕ್ಕೆ ಮುಂಚೆ ಬೇರೆಯಾಗಿ ಬರುತ್ತದೆ. ಒಂದು ಅಂಕಿಯ ಈ ಅಂತರದಲ್ಲಿ ಎರಡು ಪರಂಪರೆಗಳ ಪಾಠಭೇದವೆಲ್ಲ ಅಡಗಿದೆ. ಸರ್ವಾರ್ಥಸಿದ್ಧಿಯನ್ನು ಅನುಸರಿಸುವ ಲೇಖಕರು '5.30' ಎಂದು ಬರೆದಾಗ ಅವರು ಯಾವ ಪಾಠದಲ್ಲಿ ನಿಂತಿದ್ದಾರೆಂಬುದೂ ತಿಳಿಯುತ್ತದೆ. ಅದನ್ನು [7] ಎಂದು ಮಾಡಿದ ಸಂಪಾದಕರು ಎರಡು ಪಾಠಗಳನ್ನು ಒಂದೇ ಗೋಣಿಯಲ್ಲಿ ತುಂಬಿದಂತಾಯಿತು.

ಪಶ್ಚಿಮದವರೂ ಈ ವಿಷಯದಲ್ಲಿ ನಮ್ಮ ಹಿಂದಿನ ವಿದ್ವಾಂಸರಂತೆಯೇ ನಡೆಯುತ್ತಾರೆ. ಅರಿಸ್ಟಾಟಲನನ್ನು ಉಲ್ಲೇಖಿಸುವವರು ಇಂದಿಗೂ 1831ರ ಬೆಕ್ಕರ್ ಆವೃತ್ತಿಯ ಪುಟ-ಸಾಲುಗಳ ಅಂಕಿಯನ್ನು ಕೊಡುತ್ತಾರೆ. ಪ್ಲೇಟೋವಿಗೆ 1578ರ ಸ್ಟೆಫಾನಸ್ ಆವೃತ್ತಿಯ ಪುಟವೇ ಗುರುತು. ಯಾವ ಭಾಷೆಯ ಯಾವ ಹೊಸ ಮುದ್ರಣವಾದರೂ ಅಂಚಿನಲ್ಲಿ ಆ ಹಳೆಯ ಅಂಕಿಗಳನ್ನು ಹೊತ್ತುಕೊಂಡೇ ಬರುತ್ತದೆ. 'ಅಂತಾರಾಷ್ಟ್ರೀಯ ಮಟ್ಟ'ದ ಹೆಸರಿನಲ್ಲಿ ನಮ್ಮ ಶಾಸನಸಂಖ್ಯೆಗಳನ್ನು ಅಳಿಸುವವರು ಆ ಮಟ್ಟವನ್ನು ರಸಾಯನಶಾಸ್ತ್ರದ ಪತ್ರಿಕೆಯೊಂದರಲ್ಲಿ ಮಾತ್ರ ಕಂಡಿದ್ದಾರೆ. ಅಲ್ಲಿ ಒಂದು ಉಲ್ಲೇಖವೆಂದರೆ ಎಂಟು ಪುಟಗಳ ಒಂದು ಲೇಖನ. [12] ಎಂದರೆ ಸಾಕು. ಇಲ್ಲಿ ಒಂದು ಸಂಪುಟವೆಂದರೆ 573 ಕಲ್ಲುಗಳ ಬೆಟ್ಟ.

ಅಳಿಸಿಹೋಗುವ ಹೆಸರುಗಳು

ಸಂಖ್ಯೆಯ ಪದ್ಧತಿ ಬೇಡವೆಂದರೆ ಸಂಪಾದಕರು ಮುಂದೊಡ್ಡುವ ಇನ್ನೊಂದು ಮಾರ್ಗ 'ಲೇಖಕ, ವರ್ಷ' ಎಂಬುದು. ಅದರ ಪ್ರಕಾರ ಮಲ್ಲಿಷೇಣ ಪ್ರಶಸ್ತಿ 'ರೈಸ್ 1889' ಆಗುತ್ತದೆ, ಇಲ್ಲವೇ 'ನರಸಿಂಹಾಚಾರ್ 1923'. ಆ ಪ್ರಶಸ್ತಿಯನ್ನು ರಚಿಸಿದವನು ಮಲ್ಲಿನಾಥ, ಕಂಡರಿಸಿದವನು ಗಂಗಾಚಾರಿ, ಕಾಲ 1129. ಬೊಪ್ಪಣ ಪಂಡಿತನಂಥ ಕವಿ ತನ್ನ ಶಾಸನಕಾವ್ಯದಲ್ಲಿ ಹೆಸರು ಹೇಳಿಕೊಂಡಿದ್ದರೂ ಆಕರಸೂಚಿಯಲ್ಲಿ ಅವನು ರೈಸರ ಕೃತಿಯೊಂದರ ಅಂಶವಾಗಿಬಿಡುತ್ತಾನೆ. ಸಂಪಾದಕರ ಉಪಕಾರವನ್ನು ಯಾರೂ ಅಲ್ಲಗಳೆಯುವುದಿಲ್ಲ. ರೈಸರ ಮತ್ತು ನರಸಿಂಹಾಚಾರ್ಯರ ಋಣ ನಮ್ಮೆಲ್ಲರ ಮೇಲಿದೆ. ಆದರೆ ಶಾಸನಕವಿಯನ್ನು ಕವಿಯೆಂದು ಕನ್ನಡಿಗರಿಗೆ ನೆನಪಿಸಿದವರಲ್ಲಿ 'ಕರ್ಣಾಟಕ ಕವಿಚರಿತೆ'ಯ ಕರ್ತೃವಾದ ಅದೇ ನರಸಿಂಹಾಚಾರ್ಯರೂ ಒಬ್ಬರು. ಅವರ ಹೆಸರಿನ ಅಡಿಯಲ್ಲಿ ಕವಿಯ ಹೆಸರನ್ನು ಹೂಳುವುದು ಅವರಿಗೂ ಒಪ್ಪಿಗೆಯಾಗದ ಕೆಲಸ.

ಅಕಾರಾದಿಯ ಮಾತೂ ಇಲ್ಲಿಯೇ ಬರುತ್ತದೆ. ಕ್ರಮಾಂಕವು ಅಕಾರಾದಿಯಿಂದ ಬರುವುದಾದರೆ ಯಂತ್ರಕ್ಕೆ ಕನ್ನಡದ ಅಕಾರಾದಿ ತಿಳಿದಿರಬೇಕು. ಯೂನಿಕೋಡ್ ಪಟ್ಟಿಯಲ್ಲಿ ಳಕಾರವು ಲಕಾರದ ಪಕ್ಕದಲ್ಲಿ, ವಕಾರಕ್ಕಿಂತ ಮುಂಚೆ ಇದೆ. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ಅನಂತರ. ಸಂಕೇತದ ಬೆಲೆಯನ್ನಷ್ಟೇ ನೋಡಿ ಜೋಡಿಸುವ ಯಂತ್ರ 'ಬೆಳಗೊಳ'ವನ್ನು 'ಬೆಸ' ಎಂದು ಆರಂಭವಾಗುವ ಹೆಸರಿಗಿಂತ ಮೇಲೆ ಇಡುತ್ತದೆ. ಇನ್ನು ಹೆಸರುಗಳು: ಕೊನೆಯ ಪದವೇ ಮನೆತನದ ಹೆಸರೆಂದು ಯಂತ್ರದ ನಂಬಿಕೆ. ಹೀಗಾಗಿ ಮಿರ್ಜಿ ಅಣ್ಣಾರಾಯರು 'ಅಣ್ಣಾರಾಯ, ಮಿ.' ಎಂದಾಗುತ್ತಾರೆ. ತಪ್ಪಾಗಿ ಜೋಡಿಸಿದ ಪಟ್ಟಿಯಿಂದ ಹುಟ್ಟಿದ ಕ್ರಮಾಂಕವನ್ನು ಶಿಸ್ತು ಎಂದು ಕರೆಯಲು ಧೈರ್ಯ ಬೇಕು.

ಪಣಕ್ಕಿಟ್ಟದ್ದು ಏನು

ಇಷ್ಟಕ್ಕೂ ಒಂದು ಅಂಕಿಯಿಂದ ಏನಾಗುತ್ತದೆ ಎಂದು ಕೇಳುವವರಿಗೆ ಶಾಂತಲೆಯ ಶಾಸನವನ್ನೇ ತೋರಿಸುತ್ತೇನೆ. ಆಕೆ ಶಿವಗಂಗೆಯ ಬೆಟ್ಟದಿಂದ ಹಾರಿ ಪ್ರಾಣ ಬಿಟ್ಟಳೆಂಬ ಕಥೆ ಜನರ ಬಾಯಲ್ಲಿದೆ. ಶಾಸನವಾದರೋ 1131ರಲ್ಲಿ ಶಿವಗಂಗೆಯಲ್ಲಿ ಆಕೆಯ ಮರಣವಾಯಿತೆಂದು ಹೇಳಿ, ಮಗಳ ಅಗಲಿಕೆಯ ಅನಂತರ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸನ್ಯಸನವನ್ನು ಸ್ವೀಕರಿಸಿ ಒಂದು ತಿಂಗಳು ಅನಶನವಿದ್ದು ಮುಡಿಪಿದುದನ್ನು ವಿವರಿಸುತ್ತದೆ. ಮಗಳ ಮರಣದ ಬಗೆಯನ್ನು ಕುರಿತು ವಿದ್ವಾಂಸರು ವಾದಿಸಬಹುದು, ವಾದಿಸಿದ್ದಾರೆ. ಆದರೆ ವಾದಿಸುವವರು ನೋಡಬೇಕಾದದ್ದು ಕಲ್ಲಿನ ಮಾತನ್ನು. '[12]' ಎಂಬ ಉಲ್ಲೇಖವನ್ನು ಹಿಡಿದು ಹೊರಟ ವಿದ್ಯಾರ್ಥಿನಿ 573 ಶಾಸನಗಳ ನಡುವೆ ಅದನ್ನು ಹುಡುಕಲಾರದೆ ಬೇಸತ್ತು ಕಥೆಯನ್ನೇ ಎತ್ತಿ ಬರೆದರೆ ಅಪರಾಧ ಯಾರದು?

ಇನ್ನೂ ಹತ್ತಿರದ ಸಂಗತಿಯನ್ನು ನೆನೆಯಿರಿ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರಾ ವ್ರತವನ್ನು ಆತ್ಮಹತ್ಯೆಯ ಅಪರಾಧದ ವ್ಯಾಪ್ತಿಗೆ ತಂದಿತು; ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ಕೊಟ್ಟಿತು. ಸಲ್ಲೇಖನವು ಹತಾಶೆಯ ಮರಣವಲ್ಲ, ಗುರುಗಳ ಅನುಮತಿಯಿಂದ ನಡೆಯುವ ವ್ರತವೆಂಬುದಕ್ಕೆ ಕರ್ನಾಟಕದಲ್ಲಿ ಶತಮಾನಗಳ ಲಿಖಿತ ಸಾಕ್ಷಿಯಿದೆ. ಅದರ ಬಹುಭಾಗ ಚಿಕ್ಕಬೆಟ್ಟದ ಬಂಡೆಗಳ ಮೇಲಿದೆ. ಷ. ಶೆಟ್ಟರ್ ಅವರು ಆ ನಿಸಿದಿಶಾಸನಗಳನ್ನು ಒಂದೊಂದಾಗಿ ಪರಿಶೀಲಿಸಿ ಗ್ರಂಥಗಳನ್ನೇ ಬರೆದರು. ನ್ಯಾಯಾಲಯದ ಮುಂದೆ ಸಾಕ್ಷಿಯನ್ನು ಒಯ್ಯುವಾಗ 'ಸಂಪುಟ ಎರಡರಲ್ಲಿ ಎಲ್ಲೋ ಇದೆ' ಎನ್ನಲಾದೀತೇ? ಎದುರುಪಕ್ಷದ ವಕೀಲರು ಸಂಖ್ಯೆ ಕೇಳುತ್ತಾರೆ. ಆ ಸಂಖ್ಯೆಯ ಅಡಿಯಲ್ಲಿ ಬೇರೊಂದು ದಾನಶಾಸನ ಕಂಡರೆ ನಗುತ್ತಾರೆ. ಅಲ್ಪಸಂಖ್ಯಾತ ಸಮುದಾಯವೊಂದು ತನ್ನ ಆಚರಣೆಯ ಪ್ರಾಚೀನತೆಯನ್ನು ತೋರಿಸಬೇಕಾದಾಗ ಅದಕ್ಕಿರುವ ಬಲ ದಾಖಲೆಯೊಂದೇ. ದಾಖಲೆಗೆ ಹೋಗುವ ದಾರಿಯನ್ನು ನಾವೇ ಮುಚ್ಚಿಕೊಳ್ಳಬಾರದು.

ಉಪಾಯ ಯಂತ್ರದಲ್ಲಿಯೇ ಇದೆ

'ತಂತ್ರಾಂಶ ಹೀಗೆಯೇ ಮಾಡುತ್ತದೆ, ಏನು ಮಾಡುವುದು' ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ಹೇಳಿದಂತೆ ಕೇಳುವುದೇ ತಂತ್ರಾಂಶದ ಕೆಲಸ, ಹೇಳುವವರು ಬೇಕು.

ಲೇಟೆಕ್‌ನಲ್ಲಿ ಆಕರಪಟ್ಟಿಯನ್ನು ಕೈಯಿಂದ ಬರೆಯುವಾಗ ಪ್ರತಿ ನಮೂದಿನ ಆರಂಭದಲ್ಲಿ ಚೌಕ ಆವರಣದೊಳಗೆ ನಮಗೆ ಬೇಕಾದ ಗುರುತನ್ನು ನಾವೇ ಕೊಡಬಹುದು. ಕೊಟ್ಟರೆ ಯಂತ್ರ ತನ್ನ ಅಂಕಿಯನ್ನು ಹಾಕುವುದಿಲ್ಲ. 'ಎಕ 2-1973' ಎಂದು ಬರೆದರೆ ಪಠ್ಯದಲ್ಲಿಯೂ ಅದೇ ಬರುತ್ತದೆ. ಬಿಬ್‌ಲೇಟೆಕ್ ಎಂಬ ಈಚಿನ ವ್ಯವಸ್ಥೆಯಲ್ಲಿ ಇದಕ್ಕೆಂದೇ 'ಶಾರ್ಟ್‌ಹ್ಯಾಂಡ್' ಎಂಬ ಅಂಕಣವಿದೆ. ಅದರಲ್ಲಿ ಸಂಪುಟದ ಸಂಕ್ಷೇಪವನ್ನು ತುಂಬಿದರೆ ಕ್ರಮಾಂಕದ ಬದಲು ಸಂಕ್ಷೇಪವೇ ಮುದ್ರಣವಾಗುತ್ತದೆ. ಸಂಕ್ಷೇಪಗಳ ಪಟ್ಟಿಯನ್ನು ಗ್ರಂಥದ ಮೊದಲಿಗೆ ಬೇರೆಯಾಗಿ ಕೊಡಲೂ ಅನುಕೂಲವಿದೆ. ಶಾಸನದ ಸಂಖ್ಯೆಯನ್ನು ಉಲ್ಲೇಖದ ಜೊತೆಗೆ ಬರೆಯಬೇಕು.

ಬರಿಯ ಅಂಕಿ ಕಂಡೊಡನೆ ಅದರ ಹಿಂದೆ ಪುಟದ ಗುರುತನ್ನು ಸೇರಿಸುವ ಚಾಳಿ ಬಿಬ್‌ಲೇಟೆಕ್‌ಗೆ ಇದೆ. ನನ್ನ ಕರಡಿನಲ್ಲಿ ಶಾಸನವು ಪುಟವಾದದ್ದು ಇದರಿಂದಲೇ. 'ಪ್ಯಾಜಿನೇಷನ್' ಎಂಬ ಅಂಕಣದಲ್ಲಿ ಆ ಆಕರವನ್ನು ಪುಟದಿಂದ ಎಣಿಸುವುದಿಲ್ಲವೆಂದು ಒಮ್ಮೆ ಹೇಳಿದರೆ ಚಾಳಿ ನಿಲ್ಲುತ್ತದೆ. ಕಾವ್ಯವಾದರೆ ಪದ್ಯದಿಂದ ಎಣಿಸೆಂದೂ ಹೇಳಬಹುದು. ಪಂಪನ ಆದಿಪುರಾಣದ ಹದಿನಾರು ಆಶ್ವಾಸಗಳನ್ನು ಆಶ್ವಾಸ, ಪದ್ಯಗಳಿಂದಲ್ಲದೆ ಪುಟದಿಂದ ಉಲ್ಲೇಖಿಸುವ ಅನ್ಯಾಯವೂ ಹೀಗೆ ತಪ್ಪುತ್ತದೆ.

ಕ್ರಮಾಂಕದ ಮೋಹವನ್ನು ಬಿಡಲಾರದ ಪತ್ರಿಕೆಗಳಿಗೂ ಮಧ್ಯಮಮಾರ್ಗವಿದೆ. ಪಟ್ಟಿಯನ್ನು ಎರಡು ಮಾಡಿ: ಮೂಲ ಆಕರಗಳದೊಂದು, ಆಧುನಿಕ ಗ್ರಂಥ-ಲೇಖನಗಳದೊಂದು. ಎರಡನೆಯದಕ್ಕೆ ಬೇಕಾದಷ್ಟು ಅಂಕಿ ಹಾಕಿಕೊಳ್ಳಲಿ. ಮೊದಲನೆಯದಕ್ಕೆ ಪೂರ್ವಾಕ್ಷರವಿರುವ ಗುರುತೇ ಇರಲಿ. ಈ ವಿಭಜನೆಗೂ ಪೂರ್ವಾಕ್ಷರಕ್ಕೂ ಆಜ್ಞೆಗಳು ಸಿದ್ಧವಾಗಿವೆ. ಕುಕ್ ಟೌನಿನ ಆ ತರುಣ ನಾನು ಹೇಳಿದ ಮೇಲೆ ಇಡೀ ಲೇಖನವನ್ನು ಒಂದು ಮಧ್ಯಾಹ್ನದಲ್ಲಿ ಸರಿಪಡಿಸಿದನು. ಅವನಿಗೆ ಮೊದಲೇ ಯಾರೂ ಹೇಳಿರಲಿಲ್ಲ, ಅಷ್ಟೆ.

ಒಪ್ಪಬೇಕಾದ ನಿಯಮಗಳು

ಈ ಚರ್ಚೆಯಿಂದ ನಾಲ್ಕು ನಿಯಮಗಳನ್ನು ಮುಂದಿಡುತ್ತೇನೆ. ಮೊದಲನೆಯದು, ಆವೃತ್ತಿಯ ವರ್ಷವಿಲ್ಲದೆ ಶಾಸನದ ಸಂಖ್ಯೆಯನ್ನು ಯಾವ ಪತ್ರಿಕೆಯೂ ಅಚ್ಚು ಹಾಕಬಾರದು. ಎರಡನೆಯದು, ಶ್ರವಣಬೆಳಗೊಳದ ಶಾಸನಗಳಿಗೆ 1973ರ ಸಂಖ್ಯೆಯೂ ಆವರಣದಲ್ಲಿ 1923ರ ಸಂಖ್ಯೆಯೂ ಕಡ್ಡಾಯವಾಗಬೇಕು. 1889ರದನ್ನು ಬಳಸಿದ ಹಳೆಯ ಗ್ರಂಥವನ್ನು ಚರ್ಚಿಸುವಾಗ ಅದೂ ಸೇರಬೇಕು. ಮೂರನೆಯದು, ಶಾಸನಕವಿಯ ಹೆಸರು ತಿಳಿದಿದ್ದಲ್ಲಿ ಆಕರಸೂಚಿಯಲ್ಲಿ ಅದಕ್ಕೆ ಸ್ಥಾನವಿರಬೇಕು.

ನಾಲ್ಕನೆಯದು ಇನ್ನೂ ಸಂಪುಟ ಸೇರದ ಕಲ್ಲುಗಳನ್ನು ಕುರಿತದ್ದು. ಕುಕ್ ಟೌನಿನಿಂದ ಕೆಲವೇ ಕಿಲೋಮೀಟರುಗಳ ದೂರದ ಹೆಬ್ಬಾಳದಲ್ಲಿ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಬೆಳಕಿಗೆ ಬಂದಿತು. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ. ಶ. 750ರ ಆ ಕಲ್ಲಿಗೆ ರೈಸರ ಒಂಬತ್ತನೆಯ ಸಂಪುಟದಲ್ಲಿ ಸಂಖ್ಯೆಯಿಲ್ಲ. ಇರಲು ಸಾಧ್ಯವೂ ಇಲ್ಲ. ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಕಾಪಿಡುವ ಕೆಲಸ ಮಿಥಿಕ್ ಸೊಸೈಟಿಯಲ್ಲಿ ನಡೆಯುತ್ತಿದೆ; ಹೊಸ ಕಲ್ಲುಗಳು ಸೇರುತ್ತಲೇ ಇರುತ್ತವೆ. ಇವುಗಳನ್ನು ಊರು, ನಿಂತಿರುವ ಸ್ಥಳ, ಕಾಲ, ಮೊದಲು ಪ್ರಕಟವಾದ ಕಡೆ ಎಂಬ ನಾಲ್ಕು ವಿವರಗಳಿಂದ ಗುರುತಿಸಬೇಕೇ ಹೊರತು ಲೇಖಕರೊಬ್ಬರ ಪಟ್ಟಿಯ ಅಂಕಿಯಿಂದಲ್ಲ. ಇಂದು ನಾವು ಬಿಡಿಯಾಗಿ ಹಾಕುವ ಅಂಕಿ ನಾಳೆ ಯಾರೋ ಒಬ್ಬರ ಅಡಿಟಿಪ್ಪಣಿಯಲ್ಲಿ ಆ ಕಲ್ಲಿನ ಹೆಸರಾಗಿ ಕುಳಿತುಬಿಡುತ್ತದೆ.

ಇವುಗಳ ಜೊತೆಗೆ ನಡೆಯಬೇಕಾದ ಕೆಲಸ ಇನ್ನೊಂದಿದೆ. 573 ಸಾಲುಗಳು, ಮೂರು ಅಂಕಣಗಳು, ಪ್ರತಿ ಸಾಲಿಗೂ ಕಲ್ಲಿರುವ ಜಾಗ: ಇಷ್ಟು ಮಾಡಿದರೆ ಶ್ರವಣಬೆಳಗೊಳದ ಸಂಖ್ಯೆಗಳ ಪೂರ್ಣ ಹೋಲಿಕೆಪಟ್ಟಿ ಯಾರ ಗಣಕದಲ್ಲಿಯಾದರೂ ಇಟ್ಟುಕೊಳ್ಳುವಂತೆ ಸಿದ್ಧವಾಗುತ್ತದೆ. ಮೂರು ಸಂಪುಟಗಳನ್ನು ಎದುರಿಗಿಟ್ಟುಕೊಂಡ ಇಬ್ಬರು ಸ್ನಾತಕೋತ್ತರ ವಿದ್ಯಾರ್ಥಿಗಳು ಒಂದು ರಜೆಯಲ್ಲಿ ಮುಗಿಸಬಹುದಾದ ಕೆಲಸವಿದು. ಮಹಾಮಸ್ತಕಾಭಿಷೇಕದ ನೆಪದಲ್ಲಿ ಬಣ್ಣದ ಚಿತ್ರಗಳ ಸಂಪುಟಗಳನ್ನು ತರುವ ನಮ್ಮ ಸಮಾಜಕ್ಕೆ ಇದರ ವೆಚ್ಚ ಲೆಕ್ಕಕ್ಕೆ ಬಾರದಷ್ಟು ಅಲ್ಪ. ಆ ಪಟ್ಟಿ ಬರುವವರೆಗೂ ಸಂಪಾದಕರಲ್ಲಿ ನನ್ನ ಬೇಡಿಕೆ ಇಷ್ಟೇ: ಲೇಖಕರು '77 (67)' ಎಂದು ಬರೆದುಕೊಟ್ಟದ್ದನ್ನು '77 (67)' ಎಂದೇ ಅಚ್ಚು ಹಾಕಿ.